ಬಾಗಿಲಿಗೆ ಅಡ್ಡ ಇಟ್ಟಿದ್ದ ಕಪ್ಪು ಕಡತ

ಕತೆ ಬೇಕಾದರೆ ಮೊದಲು ನೆಟ್ಟಗೆ ಕೂತುಕೊ, ಮೇದಿನಿ. ಮಲಗುವುದು ಆಮೇಲೆ.

ನಮ್ಮದು ನಿನ್ನೆ ಮೊನ್ನೆ ಹುಟ್ಟಿದ ಮನೆತನವಲ್ಲ. ಹದಿಮೂರು ತಲೆಮಾರು ಪುಸ್ತಕ ಕಾಯ್ದ ಮನೆ. ಬಸದಿಗೆ ಕಲ್ಲಿನ ಕಂಬ ಕೊಟ್ಟವರು ಊರಿನಲ್ಲಿ ಬೇಕಾದಷ್ಟು ಜನ, ಕೆರೆಗೆ ಮೆಟ್ಟಿಲು ಕಟ್ಟಿಸಿದವರೂ ಇದ್ದಾರೆ, ಆದರೆ ಪುಸ್ತಕ ಭಂಡಾರದ ಬೀಗದಕೈ ಇದ್ದದ್ದು ನಮ್ಮ ಮನೆಯ ಹೆಂಗಸರ ಸೊಂಟದಲ್ಲಿ. ನಿನ್ನ ಮುತ್ತಜ್ಜಿಯ ಮದುವೆ ದಿಬ್ಬಣ ಬಂದಾಗ ಗಾಡಿಯಿಂದ ಮೊದಲು ಇಳಿದದ್ದು ಒಡವೆಯ ಪೆಟ್ಟಿಗೆಯಲ್ಲ, ಓಲೆಗರಿಯ ಕಟ್ಟು. ನಿನ್ನ ಈ ಅಜ್ಜಿ ಕಾನ್ವೆಂಟಿಗೆ ಸೇರಿದಾಗ ಲೈಬ್ರರಿಯ ಸಿಸ್ಟರು ಪ್ರತಿಯೊಬ್ಬ ಹುಡುಗಿಯ ಅಂಗೈ, ಉಗುರು ನೋಡಿಯೇ ಪುಸ್ತಕ ಕೊಡುತ್ತಿದ್ದರು. ಎರಡನೆಯ ವಾರದಿಂದ ನಿನ್ನ ಅಜ್ಜಿಯ ಕೈ ನೋಡುವುದನ್ನು ಬಿಟ್ಟರು. ಇಷ್ಟು ಹೇಳಿದರೆ ಸಾಕು.

ಅಂಥ ಮನೆಯ ಹುಡುಗಿ ಇವತ್ತು ಸಂಜೆ, ಕುಮುದಾ ಅತ್ತೆ ತನ್ನ ಚಿಕ್ಕಂದಿನ ಪುಸ್ತಕವನ್ನು ಜೋಪಾನವಾಗಿ ತಂದುಕೊಟ್ಟರೆ, ರಟ್ಟು ಹರಿದಿದೆ, ಮೇಲೆ ಚಿತ್ರವೇ ಇಲ್ಲ ಅಂತ ಮೂತಿ ತಿರುಗಿಸಿ, ಅದನ್ನು ಕಾಲಿನಿಂದ ಮಂಚದ ಕೆಳಕ್ಕೆ ತಳ್ಳಿದಳು. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕಾಣಿಸಿತು. ಆ ಮಾತು ಕೊನೆಗೆ. ಈಗ ಹೊದಿಕೆ ಎಳೆದುಕೊ.

ಒಂದಾನೊಂದು ಕಾಲದಲ್ಲಿ, ಮನುಷ್ಯರು ಹತ್ತಿ ಉಟ್ಟುಕೊಂಡು ಪುಸ್ತಕಗಳಿಗೆ ರೇಷ್ಮೆ ಉಡಿಸುತ್ತಿದ್ದ ಕಾಲದಲ್ಲಿ, ಹೊನ್ನಗೆರೆ ಅಂತ ಒಂದು ಊರಿತ್ತಂತೆ. ಆ ಊರಿನ ಹೆಗ್ಗಡೆಯವರ ಮನೆಯಲ್ಲಿ ಒಂದು ಪುಸ್ತಕ ಭಂಡಾರ, ಅದರಲ್ಲಿ ಮುನ್ನೂರು ಓಲೆಗರಿಯ ಕಟ್ಟು, ಅದಕ್ಕೆ ಒಂದು ಹಲಸಿನ ಮರದ ಬಾಗಿಲು, ಆ ಬಾಗಿಲಿಗೆ ಒಂದು ಬೀಗದಕೈ. ಬೀಗದಕೈ ಇದ್ದದ್ದು ಹೆಗ್ಗಡತಿ ಮಾಚವ್ವೆಯ ಸೊಂಟದಲ್ಲಿ. ಮಾಚವ್ವೆ ಅಂದರೆ ನಮ್ಮ ಮನೆಯ ಹಿರಿಯಳೇ, ಬೇರೆ ಯಾರೂ ಅಲ್ಲ. ಅವಳು ನಡೆದು ಬಂದರೆ ಮೊದಲು ಬೀಗದಕೈಯ ಸದ್ದು ಬರುತ್ತಿತ್ತಂತೆ, ಆಮೇಲೆ ಅವಳು ಬರುತ್ತಿದ್ದಳಂತೆ. ಬೀದಿಯಲ್ಲಿ ಎದುರಾದವರು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರಂತೆ.

ವರ್ಷಕ್ಕೊಮ್ಮೆ ಶ್ರುತಪಂಚಮಿಯ ದಿನ ಪುಸ್ತಕಗಳನ್ನು ಹೊರಗೆ ತೆಗೆದು, ಧೂಳು ಒರೆಸಿ, ಹಳೆಯ ಬಟ್ಟೆ ಬಿಚ್ಚಿ, ಹೊಸ ಬಟ್ಟೆ ಸುತ್ತಿ ಪೂಜೆ ಮಾಡಬೇಕು. ಅದು ಪದ್ಧತಿ. ನಮ್ಮಲ್ಲಿ ಈಗಲೂ ಮಾಡುತ್ತೇವೆ, ನೀನೂ ಹೋದ ವರ್ಷ ಹೂವಿನ ತಟ್ಟೆ ಹಿಡಿದು ನಿಂತಿದ್ದೆ. ಆದರೆ ಆ ಕಾಲದಲ್ಲಿ ಯಾರೋ ಒಬ್ಬ ಹೆಗ್ಗಡತಿಗೆ ಹಳೆಯ ರೇಷ್ಮೆ ಇನ್ನೂ ಚೆನ್ನಾಗಿದೆಯಲ್ಲ, ಯಾಕೆ ಬಿಚ್ಚಬೇಕು ಅನ್ನಿಸಿತಂತೆ. ಹಳೆಯದರ ಮೇಲೇ ಹೊಸದನ್ನು ಸುತ್ತಿದಳಂತೆ. ಅವಳ ಸೊಸೆಯೂ ಹಾಗೇ ಮಾಡಿದಳು, ಸೊಸೆಯ ಸೊಸೆಯೂ ಹಾಗೇ ಮಾಡಿದಳು, ಕೊನೆಗೆ ಅದೇ ಪದ್ಧತಿ ಆಗಿಹೋಯಿತಂತೆ. ವರ್ಷ ವರ್ಷ ಕಟ್ಟುಗಳು ಊದಿಕೊಂಡವು. ಕೆಲವು ದಿಂಬಿನಷ್ಟು, ಕೆಲವು ಎಳೆಗರುವಿನಷ್ಟು. ಊರಿನವರು ಸಾಲಾಗಿ ಬಂದು ನೋಡಿ, ಅಬ್ಬ ಎಷ್ಟು ದೊಡ್ಡ ಪುಸ್ತಕ, ಒಳಗೆ ಎಷ್ಟು ವಿದ್ಯೆ ಇರಬೇಕು ಅಂತ ಕೈಮುಗಿದು ಹೋಗುತ್ತಿದ್ದರಂತೆ. ಬಿಚ್ಚಿ ನೋಡಿದವರು ಯಾರೂ ಇರಲಿಲ್ಲ. ಒಂದು ಕಟ್ಟು ಬಿಚ್ಚಿ ಮತ್ತೆ ಸುತ್ತುವುದಕ್ಕೆ ಅರ್ಧ ದಿನ ಬೇಕು, ಮೇಲಾಗಿ ರೇಷ್ಮೆ ಸುಕ್ಕಾಗುತ್ತದೆ. ಮಾಚವ್ವೆಗೆ ಓದು ಬರುತ್ತಿರಲಿಲ್ಲ ಅಂತಲ್ಲ, ಬಹಳ ಚೆನ್ನಾಗಿ ಬರುತ್ತಿತ್ತು. ಆದರೂ ನಲವತ್ತು ವರ್ಷದಲ್ಲಿ ಅವಳು ಒಂದು ಕಟ್ಟನ್ನೂ ಬಿಚ್ಚಿರಲಿಲ್ಲವಂತೆ.

ಆ ಹಲಸಿನ ಬಾಗಿಲಿಗೆ ಒಂದು ಕೆಟ್ಟ ಅಭ್ಯಾಸ. ಗಾಳಿ ಬಂದರೆ ತಾನಾಗಿ ಧಡ್ ಅಂತ ಮುಚ್ಚಿಕೊಳ್ಳುತ್ತಿತ್ತಂತೆ. ಅದಕ್ಕೆ ಕೆಳಗೆ ಅಡ್ಡ ಇಡುವುದಕ್ಕೆ ಒಂದು ಕಪ್ಪು ಕಡತ ಇತ್ತು. ಕಡತ ಅಂದರೆ ಗೊತ್ತಿಲ್ಲ ನಿನಗೆ. ಉದ್ದನೆಯ ಬಟ್ಟೆಗೆ ಹುಣಸೆಬೀಜ ಅರೆದ ಅಂಟು, ಇದ್ದಿಲಿನ ಪುಡಿ ಎರಡನ್ನೂ ಸೇರಿಸಿ ಬಳಿದು, ಒಣಗಿಸಿ, ಸೀರೆಯ ನೆರಿಗೆ ಹಿಡಿದ ಹಾಗೆ ಹಿಂದಕ್ಕೂ ಮುಂದಕ್ಕೂ ಮಡಿಸಿ, ಆಚೆ ಈಚೆ ಎರಡು ಮರದ ಹಲಗೆ ಕೂರಿಸುತ್ತಾರೆ. ಅದರ ಮೇಲೆ ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಮುಟ್ಟಿದರೆ ಕೈಗೆ ಮಸಿ. ಸಂತೆಯ ವ್ಯಾಪಾರಿಗಳು ಕಂಕುಳಲ್ಲಿ ಇಟ್ಟುಕೊಂಡು ತಿರುಗುವ ಸಾಮಾನು ಅದು. ಮಾಚವ್ವೆ ಬೆಳಿಗ್ಗೆ ಬಾಗಿಲು ತೆಗೆದು ಅದನ್ನು ಕಾಲಿನಿಂದ ಒಳಕ್ಕೆ ನೂಕುತ್ತಿದ್ದಳು, ಸಂಜೆ ಕಾಲಿನಿಂದ ಹೊರಕ್ಕೆ ಎಳೆಯುತ್ತಿದ್ದಳು. ಪುಸ್ತಕಕ್ಕೆ ಕಾಲು ತಾಗಿಸುವ ಹೆಂಗಸಲ್ಲ ಅವಳು. ಅದು ಪುಸ್ತಕವೇ ಅಲ್ಲ ಅಂತ ಅವಳ ತಿಳಿವಳಿಕೆ.

ಮಾಚವ್ವೆಗೆ ಮೂವರು ಮೊಮ್ಮಕ್ಕಳು. ದೊಡ್ಡವಳು ನಾಗಲೆ, ಅವಳಿಗೆ ಏನೇ ಆದರೂ ದೊಡ್ಡದೇ ಬೇಕು. ನಡುವಿನವಳು ಚಾಗಲೆ, ಅವಳಿಗೆ ಏನೇ ಆದರೂ ಚೆಂದದ್ದೇ ಬೇಕು. ಚಿಕ್ಕವಳು ಜಕ್ಕಲೆ, ಅವಳಿಗೆ ಏನೇ ಕೊಟ್ಟರೂ ಇದು ಯಾಕೆ ಹೀಗಿದೆ ಅಂತ ಕೇಳಬೇಕು. ಅನ್ನ ಯಾಕೆ ಬೆಳ್ಳಗಿದೆ, ಬೆಕ್ಕು ಯಾಕೆ ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ, ಅಜ್ಜಿಯ ಬೀಗದಕೈ ಯಾಕೆ ಅಷ್ಟು ಸದ್ದು ಮಾಡುತ್ತದೆ. ಮಾಚವ್ವೆಗೆ ಇವಳನ್ನು ಕಂಡರೆ ಸ್ವಲ್ಪ ಸುಸ್ತು. ಭಂಡಾರದ ಕಸ ಗುಡಿಸುವ ಕೆಲಸ ಕೊಟ್ಟಿದ್ದಳಂತೆ, ಬಾಯಿ ಮುಚ್ಚಿಕೊಂಡಿರಲಿ ಅಂತ.

ಹೀಗಿರುವಾಗ ಒಂದು ದಿನ ಊರಿಗೆ ರಾಣಿ ಬಂದಳಂತೆ. ಮುಂದೆ ಪಲ್ಲಕ್ಕಿ, ಹಿಂದೆ ನಲವತ್ತು ಗಾಡಿ. ಗಾಡಿಗಳೆಲ್ಲ ಖಾಲಿ. ಖಾಲಿ ಗಾಡಿ ಯಾಕೆ ತಂದಿದ್ದಾಳೆ ಅಂತ ಊರಿಗೆ ಊರೇ ತಲೆ ಕೆರೆದುಕೊಂಡಿತು. ರಾಣಿಗೆ ವಯಸ್ಸಾಗಿತ್ತು, ಕಣ್ಣಿನ ಕೆಳಗೆ ಕಾಡಿಗೆ ಹರಡಿದ ಹಾಗೆ ಕಪ್ಪು. ಮಾಚವ್ವೆ ಆರತಿ ಎತ್ತಿ, ಪೀಠ ಹಾಕಿ, ಹಣ್ಣು ಹಾಲು ಇಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಳಂತೆ.

ರಾಣಿ ಹಾಲು ಮುಟ್ಟಲಿಲ್ಲ. ಹೆಗ್ಗಡತಿಯವರೇ, ನನಗೆ ಮೂರು ತಿಂಗಳಿಂದ ನಿದ್ದೆ ಇಲ್ಲ ಅಂದಳಂತೆ. ವೈದ್ಯರು ಎಣ್ಣೆ ಹಚ್ಚಿದರು, ಕಷಾಯ ಕುಡಿಸಿದರು, ವೀಣೆ ನುಡಿಸಿದರು, ಏನೂ ಆಗಲಿಲ್ಲ. ಚಿಕ್ಕಂದಿನಲ್ಲಿ ನಾನು ಇದೇ ಊರಿನಲ್ಲಿ ನಮ್ಮ ಅಜ್ಜಿಯ ಹತ್ತಿರ ಬೆಳೆದವಳು. ಅಜ್ಜಿ ದಿನವೂ ಒಂದೇ ಕತೆ ಓದಿ ಹೇಳುತ್ತಿದ್ದಳು. ಒಂದು ಬಸವನಹುಳು ಲೋಕದ ಕೊನೆ ನೋಡುತ್ತೇನೆ ಅಂತ ಮನೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಹೊರಟಿತು. ಒಂದು ಬೆಟ್ಟ ಹತ್ತಿತು, ಇಳಿಯಿತು. ಎರಡನೆಯ ಬೆಟ್ಟ ಹತ್ತಿತು, ಇಳಿಯಿತು. ಮೂರನೆಯ ಬೆಟ್ಟದ ತುದಿಯಲ್ಲಿ ಒಂದು ಬಾಗಿಲು. ಬಸವನಹುಳು ಕೊಂಬಿನಿಂದ ಟಕ್ ಟಕ್ ಅಂತ ತಟ್ಟಿತು. ಅಷ್ಟು ಹೊತ್ತಿಗೆ ನನಗೆ ನಿದ್ದೆ ಬಂದುಬಿಡುತ್ತಿತ್ತು. ಒಂದು ದಿನವೂ ಮುಂದಿನದು ಕೇಳಲಿಲ್ಲ. ಆಮೇಲೆ ಅಜ್ಜಿ ಹೋದಳು, ನನ್ನನ್ನು ಸೋದರಮಾವ ಬೇರೆ ನಾಡಿಗೆ ಕರೆದುಕೊಂಡು ಹೋದ, ಅಲ್ಲಿಂದ ಅರಮನೆಗೆ ಸೊಸೆಯಾಗಿ ಬಂದೆ. ಈಗ ಮುದುಕಿಯಾದ ಮೇಲೆ ಕಣ್ಣು ಮುಚ್ಚಿದರೆ ಸಾಕು, ಟಕ್ ಟಕ್ ಸದ್ದು. ಬಾಗಿಲು ತೆಗೆದವರು ಯಾರು. ಆ ಪುಸ್ತಕ ಹೆಗ್ಗಡೆಯವರ ಮನೆಯ ಭಂಡಾರಕ್ಕೆ ಸೇರಿತು ಅಂತ ಮಾವ ಹೇಳಿದ್ದ. ಹುಡುಕಿಕೊಡಿ.

ನಿಮ್ಮ ಅಜ್ಜಿ ಯಾರು, ಪುಸ್ತಕ ಹೇಗಿತ್ತು ಅಂತ ಮಾಚವ್ವೆ ಕೇಳಲಿಲ್ಲವಂತೆ. ರಾಣಿಯ ಅಜ್ಜಿ ಅಂದಮೇಲೆ ಯಾವುದೋ ಅರಮನೆಯಂಥ ಮನೆಯವಳೇ ಇರಬೇಕು, ಕೇಳಿದರೆ ನಾವೇ ಚಿಕ್ಕವರಾಗುತ್ತೇವೆ ಅಂದುಕೊಂಡಳಂತೆ. ಅಲ್ಲೇ ತಪ್ಪಿದ್ದು.

ರಾಣಿ ಇನ್ನೊಂದು ಮಾತು ಸೇರಿಸಿದಳು. ಮೂರು ದಿನ ಕಾಯುತ್ತೇನೆ. ಸಿಕ್ಕದಿದ್ದರೆ, ಒಳಗೆ ಏನಿದೆ ಅಂತ ಕಾಯುವವರಿಗೇ ಗೊತ್ತಿಲ್ಲದ ಭಂಡಾರ ಇಲ್ಲಿ ಇರುವುದು ಬೇಡ. ಮುನ್ನೂರು ಕಟ್ಟನ್ನೂ ಈ ಗಾಡಿಗಳಲ್ಲಿ ಹೇರಿಕೊಂಡು ರಾಜಧಾನಿಗೆ ಹೋಗುತ್ತೇನೆ, ಅಲ್ಲಿ ಇಪ್ಪತ್ತು ಜನ ಕೂತು ಓದುತ್ತಾರೆ.

ಮಾಚವ್ವೆಯ ಸೊಂಟದ ಬೀಗದಕೈ ಒಮ್ಮೆಗೇ ಬೀಸುವ ಕಲ್ಲಿನಷ್ಟು ಭಾರವಾಯಿತಂತೆ. ಏಳು ಜನ ಹೆಗ್ಗಡತಿಯರು ಕೈಯಿಂದ ಕೈಗೆ ಕೊಟ್ಟ ಬೀಗದಕೈ ಅದು. ತನ್ನ ಕಾಲದಲ್ಲಿ ಭಂಡಾರ ಬರಿದಾಯಿತು ಅಂತ ಊರು ಆಡಿಕೊಂಡರೆ ಆ ಏಳು ಜನಕ್ಕೆ ಏನು ಉತ್ತರ ಹೇಳುವುದು. ಒಂದು ಕಟ್ಟು ಬಿಚ್ಚುವುದಕ್ಕೆ ಅರ್ಧ ದಿನ, ಬಿಚ್ಚಿದ್ದನ್ನು ಓದುವುದಕ್ಕೆ ಇನ್ನರ್ಧ ದಿನ, ಇರುವುದು ಮೂರು ದಿನ. ಮುನ್ನೂರರಲ್ಲಿ ಮೂರನ್ನು ಮಾತ್ರ ಆರಿಸಬಹುದು. ಮೂವರು ಮೊಮ್ಮಕ್ಕಳನ್ನೂ ಕರೆದು, ದಿನಕ್ಕೊಬ್ಬರು ಒಂದೊಂದು ಆರಿಸಿ, ಸರಿಯಾದದ್ದು ಯಾರ ಕೈಗೆ ಬರುತ್ತದೋ ಬೀಗದಕೈ ಅವಳಿಗೆ ಅಂದಳಂತೆ.

ಮೊದಲನೆಯ ದಿನ ನಾಗಲೆಯದು. ಅವಳು ಯೋಚನೆಗೇ ಹೋಗಲಿಲ್ಲ. ರಾಣಿಯ ಪುಸ್ತಕ ಅಂದಮೇಲೆ ದೊಡ್ಡದೇ ಇರಬೇಕು ಅಂತ, ಇದ್ದುದರಲ್ಲಿ ಎಲ್ಲಕ್ಕಿಂತ ದೊಡ್ಡ ಕಟ್ಟನ್ನು ಇಬ್ಬರು ಆಳುಗಳ ಕೈಲಿ ಹೊರಿಸಿಕೊಂಡು ಪಡಸಾಲೆಗೆ ಬಂದಳಂತೆ. ಬಿಚ್ಚತೊಡಗಿದರು. ಹಸಿರು ರೇಷ್ಮೆ ಬಂತು, ಅದರೊಳಗೆ ಕೆಂಪು, ಅದರೊಳಗೆ ಹಳದಿ. ಬಾಳೆಯ ಹೂವು ಬಿಡಿಸಿದ ಹಾಗೆ ಒಂದರೊಳಗೆ ಒಂದು.

ಏನು? ಎಷ್ಟು ರೇಷ್ಮೆಯೇ? ಐವತ್ತಾರು. ನಡುವೆ ಬಾಯಿ ಹಾಕಬೇಡ. ಕಾಲು ಒಳಗೆ.

ಪಡಸಾಲೆಯಲ್ಲಿ ರೇಷ್ಮೆ ಮೊಣಕಾಲುದ್ದ ಬಿತ್ತಂತೆ. ಮನೆಯ ಬೆಕ್ಕು ಅದರಲ್ಲಿ ಹೋಗಿ ಮಲಗಿತು, ಸಂಜೆಯವರೆಗೆ ಯಾರಿಗೂ ಸಿಗಲಿಲ್ಲ. ಕಟ್ಟು ಸಣ್ಣದಾಗುತ್ತ ಸಣ್ಣದಾಗುತ್ತ ಹೋದ ಹಾಗೆ ನಾಗಲೆಯ ಮುಖವೂ ಸಣ್ಣದಾಯಿತು. ಕೊನೆಗೆ ಒಳಗೆ ಇದ್ದದ್ದು ಗೇಣುದ್ದದ ಹನ್ನೆರಡು ಗರಿ. ನಾಗಲೆ ಗಂಟಲು ಸರಿಮಾಡಿಕೊಂಡು ಓದಿದಳು. ಆನೆಗೆ ಹೊಟ್ಟೆ ಉಬ್ಬರಿಸಿದರೆ ಶುಂಠಿ ಎಷ್ಟು, ಬೆಲ್ಲ ಎಷ್ಟು. ಆನೆ ಔಷಧಿ ಉಗುಳಿದರೆ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು. ರಾಣಿ ಕೊನೆಯವರೆಗೆ ಮರ್ಯಾದೆಯಿಂದ ಕೇಳಿ, ನಮ್ಮ ಆನೆಗಳು ಸದ್ಯಕ್ಕೆ ಚೆನ್ನಾಗಿವೆ ಅಂದಳಂತೆ. ಗಾಡಿಯವರು ಹೊರಗೆ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದರು. ಮಾಚವ್ವೆ ಆ ಕಡೆ ನೋಡಲಿಲ್ಲ.

ಎರಡನೆಯ ದಿನ ಚಾಗಲೆಯದು. ಅಕ್ಕನಿಗೆ ಬುದ್ಧಿ ಇಲ್ಲ, ದಪ್ಪ ನೋಡಿ ಆರಿಸುತ್ತಾರೆಯೇ ಅಂತ ಅವಳು ಹುಬ್ಬು ಹಾರಿಸಿದಳಂತೆ. ಚೆಂದ ನೋಡಿ ಆರಿಸಬೇಕು. ಅವಳು ತಂದ ಕಟ್ಟಿಗೆ ಎಲ್ಲಕ್ಕಿಂತ ಚೆಂದದ ಜರಿ, ಬಿಚ್ಚಿದರೆ ಒಳಗಿನ ಪುಸ್ತಕಕ್ಕೆ ಗಂಧದ ಹಲಗೆ, ಹಲಗೆಯ ಮೇಲೆ ನವಿಲು, ನವಿಲಿನ ಕಣ್ಣಿಗೆ ಹರಳು, ಕಟ್ಟುವ ದಾರಕ್ಕೆ ಮುತ್ತು. ತೆರೆದರೆ ಒಳಗೂ ಮುತ್ತು ಪೋಣಿಸಿದ ಹಾಗೆ ಅಕ್ಷರ. ಚಾಗಲೆ ರಾಗವಾಗಿ ಓದಿದಳು. ಹೊನ್ನಗೆರೆಯ ಮೊದಲನೆಯ ಹೆಗ್ಗಡೆ ಸಿಂಹದಂಥವನು. ಅವನ ಮಗ ಸಿಂಹದಂಥವನು. ಅವನ ಮಗನೂ ಸಿಂಹದಂಥವನು. ಮಾಚವ್ವೆಗೆ ಮೊದಲು ಬಹಳ ಸಂತೋಷವಾಗಿ ಬೆನ್ನು ಇನ್ನೂ ನೆಟ್ಟಗಾಯಿತಂತೆ. ನಾಲ್ಕನೆಯ ಸಿಂಹ ಬರುವಷ್ಟರಲ್ಲಿ ಬೆನ್ನು ಸ್ವಲ್ಪ ಸಡಿಲವಾಯಿತು. ಆರನೆಯ ಸಿಂಹಕ್ಕೆ ಗೋಡೆಗೆ ಒರಗಿಕೊಂಡಳು. ಒಂಬತ್ತನೆಯ ಸಿಂಹ ಆದಮೇಲೆ ರಾಣಿ ಮೆಲ್ಲಗೆ, ಇನ್ನೂ ಎಷ್ಟಿವೆ ಮಗಳೇ ಅಂತ ಕೇಳಿದಳಂತೆ. ಇನ್ನು ನಲವತ್ತೊಂದು ಗರಿ ಅಂದಳು ಚಾಗಲೆ. ನಡುವೆ ಎಲ್ಲಾದರೂ ಒಂದು ಬಸವನಹುಳು ಹಾದುಹೋಗುತ್ತದೆಯೇ ನೋಡು ಅಂದಳು ರಾಣಿ. ಹೋಗಲಿಲ್ಲ. ಬರೀ ಸಿಂಹ.

ಮೂರನೆಯ ದಿನ ಬೆಳಿಗ್ಗೆ ಗಾಡಿಯವರು ಹಗ್ಗ ಬಿಚ್ಚಿ ಎಳೆದು ನೋಡುತ್ತಿದ್ದರಂತೆ. ಮಾಚವ್ವೆ ಜಕ್ಕಲೆಯನ್ನು ಹುಡುಕಿದಳು. ಪಡಸಾಲೆಯಲ್ಲಿ ಇಲ್ಲ, ಹಿತ್ತಲಲ್ಲಿ ಇಲ್ಲ. ಭಂಡಾರದ ಬಾಗಿಲು ನೋಡಿದರೆ ಮುಚ್ಚಿಕೊಂಡಿದೆ. ಮುಚ್ಚಿದ ಬಾಗಿಲಿನ ಮುಂದೆ ಹೊಸ್ತಿಲ ಮೇಲೆ ಜಕ್ಕಲೆ ಕೂತಿದ್ದಾಳೆ, ತೊಡೆಯ ಮೇಲೆ ಆ ಕಪ್ಪು ಕಡತ, ಕೈಯೆಲ್ಲ ಮಸಿ, ಮೂಗಿನ ತುದಿಗೂ ಮಸಿ.

ಮನೆ ಮುಳುಗುತ್ತಿದೆ, ನೀನು ಬಾಗಿಲ ಅಡ್ಡಿ ಹಿಡಿದು ಆಡುತ್ತಿದ್ದೀಯಾ ಅಂತ ಮಾಚವ್ವೆ ಗದರಿದಳಂತೆ. ಜಕ್ಕಲೆ ತಲೆ ಎತ್ತಲಿಲ್ಲ. ಅಜ್ಜೀ, ಇದರ ಮೂಲೆಗಳು ಯಾಕೆ ಸವೆದಿವೆ ಅಂದಳು. ರೇಷ್ಮೆಯೊಳಗಿನ ಪುಸ್ತಕದ ಮೂಲೆ ಚುಚ್ಚುವ ಹಾಗಿದೆ, ಯಾರೂ ಮುಟ್ಟಿಲ್ಲ. ಇದರ ಮೂಲೆ ನೋಡು, ಉಂಡೆಯ ಹಾಗೆ ಗುಂಡಾಗಿದೆ. ಬಾಗಿಲು ತಾಗಿ ಸವೆಯುವುದಾದರೆ ಒಂದೇ ಕಡೆ ಸವೆಯಬೇಕಿತ್ತು, ಇದು ನಾಲ್ಕೂ ಕಡೆ ಸವೆದಿದೆ. ಯಾರೋ ದಿನವೂ ಕೈಯಲ್ಲಿ ಹಿಡಿದಿದ್ದಾರೆ. ಆಮೇಲೆ ಇಲ್ಲಿ ನೋಡು ಅಜ್ಜೀ, ಪ್ರತಿ ಮಡಿಕೆಯ ಕೆಳಗೂ ಒಂದು ಸಣ್ಣ ಹೆಬ್ಬೆರಳಿನ ಗುರುತು. ತುಪ್ಪದ ಕೈ. ನನ್ನ ಹೆಬ್ಬೆರಳಿಗಿಂತಲೂ ಸಣ್ಣದು. ಸಂತೆಯ ವ್ಯಾಪಾರಿಗೆ ಇಷ್ಟು ಸಣ್ಣ ಹೆಬ್ಬೆರಳು ಯಾಕಿರುತ್ತದೆ.

ಮಾಚವ್ವೆ ಮಸಿ ತಾಗದ ಹಾಗೆ ಸೆರಗು ಎತ್ತಿ ಹಿಡಿದಳಂತೆ. ಒಳಗೆ ಏನು ಬರೆದಿದೆ ಅಂತ ಕೇಳಿದಳು, ಸ್ವಲ್ಪ ದೂರದಲ್ಲೇ ನಿಂತು.

ಮೊದಲನೆಯ ಮಡಿಕೆ ಓದಿದೆ, ಎರಡನೆಯದು ಬೇಕು ಅನ್ನಿಸಿತು ಅಂದಳಂತೆ ಜಕ್ಕಲೆ. ಅಕ್ಕ ಓದಿದ್ದನ್ನು ಕೇಳಿದಾಗ ಹಾಗನ್ನಿಸಲಿಲ್ಲ, ಚಿಕ್ಕಕ್ಕ ಓದಿದಾಗಲೂ ಅನ್ನಿಸಲಿಲ್ಲ. ಇದು ಮಾತ್ರ ಬೇಕು ಅನ್ನಿಸಿತು. ಎರಡನೆಯದು ಓದಿದೆ, ಕಾಲು ಜೋಮು ಹಿಡಿದದ್ದು ಗೊತ್ತಾಗಲಿಲ್ಲ. ಈಗ ನೀನು ಬಂದೆ. ಅಂತ ಹೇಳಿ ಓದತೊಡಗಿದಳು. ಒಂದು ಬಸವನಹುಳು ಇತ್ತು, ಅದಕ್ಕೆ ತನ್ನ ಮನೆಯ ಒಳಗೆ ಕೂತರೆ ಹೊರಗಿನ ಯೋಚನೆ, ಹೊರಗೆ ಬಂದರೆ ಒಳಗಿನ ಯೋಚನೆ.

ಬಸವನಹುಳು ಅಂದ ಕೂಡಲೇ ಮಾಚವ್ವೆ ಹತ್ತಿರ ಬಂದಳಂತೆ. ಐವತ್ತು ವರ್ಷದಿಂದ ನೆಲಕ್ಕೆ ಕೂರದ ಹೆಂಗಸು, ಮೊಣಕಾಲು ಕಟಕಟ ಅನ್ನಿಸಿಕೊಂಡು ಹೊಸ್ತಿಲ ಮೇಲೆ ಮೊಮ್ಮಗಳ ಪಕ್ಕ ಕೂತಳು. ಒಂದನೆಯ ಬೆಟ್ಟ ಹತ್ತಿ ಇಳಿದಾಯಿತು. ಜಕ್ಕಲೆ ಉಸಿರು ತೆಗೆದುಕೊಳ್ಳುವುದಕ್ಕೆ ನಿಲ್ಲಿಸಿದರೆ, ಹೂಂ ಆಮೇಲೆ ಅಂದಳಂತೆ ಮಾಚವ್ವೆ. ಅಂದಮೇಲೆ ತನಗೇ ನಾಚಿಕೆಯಾಯಿತಂತೆ.

ಇಷ್ಟಾದರೂ ಹುಟ್ಟುಗುಣ ಬಿಡಲಿಲ್ಲ ನೋಡು. ರಾಣಿಯ ಮುಂದೆ ಬಾಗಿಲ ಅಡ್ಡಿಯನ್ನು ತೆಗೆದುಕೊಂಡು ಹೋಗಿ ಇಡುವುದು ಹೇಗೆ. ಪಡಸಾಲೆಯಲ್ಲಿ ಬಿದ್ದಿದ್ದ ಐವತ್ತಾರು ರೇಷ್ಮೆಯಲ್ಲಿ ಅತಿ ಒಳ್ಳೆಯದು ಯಾವುದೋ ಅದನ್ನು ತರಿಸಿ, ಜರಿಯ ಅಂಚು ಮೇಲೆ ಬರುವ ಹಾಗೆ, ಕಡತದ ಒಂದು ಚೂರು ಕಪ್ಪೂ ಕಾಣದ ಹಾಗೆ ಮಾಚವ್ವೆ ತಾನೇ ಸುತ್ತಿದಳಂತೆ. ಯಾಕಜ್ಜೀ ಅಂದಳು ಜಕ್ಕಲೆ. ಸುಮ್ಮನಿರು, ಮರ್ಯಾದೆ ಅಂತ ಒಂದಿದೆ ಅಂದಳು ಮಾಚವ್ವೆ.

ಬೆಳ್ಳಿಯ ಹರಿವಾಣದಲ್ಲಿ ಇಟ್ಟು ರಾಣಿಯ ಮುಂದೆ ಹಿಡಿದರು. ರಾಣಿ ನೋಡಿದಳು. ಒಂದು ಬೆರಳಿನಿಂದ ಜರಿಯನ್ನು ಸವರಿದಳು. ತಲೆ ಅಲ್ಲಾಡಿಸಿದಳು. ಇದಲ್ಲ ಹೆಗ್ಗಡತಿ, ನಮ್ಮ ಅಜ್ಜಿಯದಕ್ಕೆ ಮೈಮೇಲೆ ಬಟ್ಟೆಯೇ ಇರಲಿಲ್ಲ ಅಂದಳಂತೆ. ಎದ್ದು ನಿಂತು ಗಾಡಿಯವರಿಗೆ ಕೈ ಮಾಡಿದಳು. ಹೊರಗೆ ಎತ್ತುಗಳ ಗಂಟೆ ಅಲ್ಲಾಡಿತು. ಇಬ್ಬರು ಆಳುಗಳು ಭಂಡಾರದ ಕಡೆಗೆ ಹೊರಟೇ ಬಿಟ್ಟರು. ಮಾಚವ್ವೆ ಬೀಗದಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳಂತೆ.

ಆಗ ಜಕ್ಕಲೆ ಏನು ಮಾಡಿದಳು ಗೊತ್ತೇ. ಹರಿವಾಣದ ಹತ್ತಿರ ಬಂದು, ರೇಷ್ಮೆಯ ತುದಿ ಹಿಡಿದು, ಸರ್ ಅಂತ ಎಳೆದಳಂತೆ. ಬೆಳ್ಳಿಯ ಮೇಲೆ ಕಪ್ಪಗೆ, ಮೂಲೆ ಸವೆದ, ಬಾಗಿಲಿಗೆ ಸಿಕ್ಕಿ ಗೀರು ಬಿದ್ದ ಕಡತ ಉಳಿಯಿತು. ಹುಣಸೆಬೀಜದ, ಇದ್ದಿಲಿನ ಹಳೆಯ ವಾಸನೆ ಎದ್ದಿತು. ಹೊರಟಿದ್ದ ರಾಣಿ ಮುಖ ತಿರುಗಿಸುವ ಮೊದಲೇ ನಿಂತಳಂತೆ. ಇದು ನಮ್ಮ ಅಜ್ಜಿಯ ಕೈಯ ವಾಸನೆ ಅಂದಳು. ಹಿಂದಕ್ಕೆ ಬಂದು ಕೂತು, ಕಡತವನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೊದಲನೆಯ ಮಡಿಕೆ ಬಿಡಿಸಿ, ಕೆಳಗಿದ್ದ ಆ ಪುಟ್ಟ ಗುರುತಿನ ಮೇಲೆ ತನ್ನ ಹೆಬ್ಬೆರಳು ಇಟ್ಟಳು. ಹೆಬ್ಬೆರಳು ಈಗ ದೊಡ್ಡದಾಗಿತ್ತು, ಸುಕ್ಕಾಗಿತ್ತು. ಗುರುತು ಪೂರ್ತಿ ಮುಚ್ಚಿಹೋಯಿತಂತೆ.

ಆಮೇಲೆ ರಾಣಿಯೇ ಹೇಳಿದಳು. ಅವಳ ಅಜ್ಜಿ ಅರಮನೆಯವಳಲ್ಲ. ಇದೇ ಹೆಗ್ಗಡೆಯವರ ಮನೆಯ ಹಿತ್ತಲಿನಲ್ಲಿ ಕೂತು, ವ್ಯಾಪಾರಿಗಳ ಕಡತಗಳಿಗೆ ಹುಣಸೆಬೀಜ ಅರೆದು ಮಸಿ ಬಳಿಯುತ್ತಿದ್ದ ಹೆಂಗಸು. ಎಷ್ಟು ತೊಳೆದರೂ ಕೈ ಕಪ್ಪು ಹೋಗುತ್ತಿರಲಿಲ್ಲ, ಊರೆಲ್ಲ ಮಸಿಯವ್ವ ಅಂತಲೇ ಕರೆಯುತ್ತಿತ್ತು. ಓಲೆಗರಿ ಅವಳಿಗೆ ಯಾರು ಕೊಡಬೇಕು. ಮಿಕ್ಕ ಬಟ್ಟೆಯ ತುಂಡುಗಳನ್ನು ಹೊಲಿದು ಮೊಮ್ಮಗಳಿಗೆ ಅಂತ ಒಂದು ಕಡತ ಮಾಡಿ, ತಾನೇ ಕತೆ ಕಟ್ಟಿ, ತಾನೇ ಬರೆದಳು. ಅವಳು ಸತ್ತ ಮೇಲೆ ಅದನ್ನು ಭಂಡಾರದಲ್ಲಿ ಇಡಿ ಅಂತ ಕೊಟ್ಟರು. ರೇಷ್ಮೆಯ ಸಾಲಿನಲ್ಲಿ ಈ ಕಪ್ಪು ಬಟ್ಟೆಯೇ ಅಂತ ಆಗಿನ ಹೆಗ್ಗಡತಿ ಬಾಗಿಲ ಹತ್ತಿರವೇ ಬಿಟ್ಟಿರಬೇಕು. ಬಾಗಿಲ ಹತ್ತಿರ ಇದ್ದದ್ದು ಬಾಗಿಲಿಗೇ ಆಯಿತು.

ದಿನವೂ ಅದನ್ನು ಕಾಲಿನಿಂದ ನೂಕಿದ್ದೇನೆ ಅಂತ ಒಪ್ಪಿಕೊಂಡು ಮಾಚವ್ವೆ ತಲೆ ತಗ್ಗಿಸಿದಳಂತೆ. ಅವಳ ತಲೆ ತಗ್ಗಿದ್ದನ್ನು ಆ ಮನೆ ಮೊದಲ ಸಲ ನೋಡಿತು.

ಜಕ್ಕಲೆ ಓದಿದಳು. ಮೊದಲನೆಯ ಬೆಟ್ಟ ಆಯಿತು, ಎರಡನೆಯ ಬೆಟ್ಟ ಆಯಿತು. ಗಾಡಿಯವರು ಹಗ್ಗ ಹಿಡಿದುಕೊಂಡೇ ಜಗಲಿಗೆ ಬಂದು ಕೂತರು. ನಾಗಲೆ, ಚಾಗಲೆ ಕಂಬ ಹಿಡಿದು ನಿಂತರು. ಮೂರನೆಯ ಬೆಟ್ಟದ ತುದಿ, ಮುಚ್ಚಿದ ಬಾಗಿಲು, ಟಕ್ ಟಕ್. ಜಕ್ಕಲೆ ಮಡಿಕೆ ತಿರುಗಿಸಿದಳು. ಕಣ್ಣು ಅರಳಿಸಿದಳು. ಓದು ಮಗಳೇ ಅಂದಳು ರಾಣಿ.

ಅಲ್ಲಿ ಬರೆದದ್ದು ಇಷ್ಟೇ. ದಿನವೂ ಇಲ್ಲಿಗೆ ಬರುವಷ್ಟರಲ್ಲಿ ಮಗು ಮಲಗಿಬಿಡುತ್ತದೆ. ಅದಕ್ಕೆ ಮುಂದಿನದನ್ನು ನಾನು ಕಟ್ಟಲೇ ಇಲ್ಲ. ಎಂದಾದರೂ ಒಂದು ದಿನ ಎಚ್ಚರವಾಗಿದ್ದರೆ ಬಾಗಿಲು ತೆಗೆದವರು ಯಾರು ಅಂತ ಅವಳೇ ಹೇಳಲಿ, ಜಾಗ ಬಿಟ್ಟಿದ್ದೇನೆ.

ಕೆಳಗೆ ಮೂರು ಮಡಿಕೆ ಖಾಲಿ. ಕೊನೆಯ ಹಲಗೆಗೆ ದಾರದಲ್ಲಿ ಒಂದು ತುಂಡು ಬಳಪ ಕಟ್ಟಿತ್ತಂತೆ.

ರಾಣಿ ಮೊದಲು ನಕ್ಕಳು, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಅರವತ್ತು ವರ್ಷ ಕಾದದ್ದು ನನಗೋಸ್ಕರ ಖಾಲಿ ಬಿಟ್ಟ ಜಾಗಕ್ಕೆ ಅಂದಳಂತೆ. ಆಮೇಲೆ ಬಳಪ ಬಿಚ್ಚಿಕೊಂಡು ಬಗ್ಗಿ ಬರೆಯತೊಡಗಿದಳು. ಬರೆಯುತ್ತ ಬರೆಯುತ್ತ ಒಂದು ಆಕಳಿಕೆ ಬಂತು. ಇನ್ನೊಂದು ಬಂತು. ಕೈ ನಿಧಾನವಾಯಿತು. ನಡುಮಧ್ಯಾಹ್ನ, ಹೊರಗೆ ಬಿಸಿಲು ಚುರುಗುಟ್ಟುತ್ತಿದೆ, ರಾಣಿ ಪಕ್ಕದ ರೇಷ್ಮೆಯ ರಾಶಿಯ ಮೇಲೆ, ಬೆಕ್ಕಿನ ಪಕ್ಕದಲ್ಲಿ ತಲೆ ಇಟ್ಟವಳು ಗಾಢವಾಗಿ ಮಲಗಿಬಿಟ್ಟಳಂತೆ. ಗಾಡಿಯವರು ತುದಿಗಾಲಲ್ಲಿ ಹೋಗಿ ಎತ್ತುಗಳ ಕೊರಳಿನ ಗಂಟೆಗೆ ಬಟ್ಟೆ ತುರುಕಿ ಬಂದರು. ಮಾಚವ್ವೆ ಸೊಂಟದ ಬೀಗದಕೈಯನ್ನು ಸದ್ದಾಗದ ಹಾಗೆ ಮುಷ್ಟಿಯಲ್ಲಿ ಹಿಡಿದುಕೊಂಡೇ ಓಡಾಡಿದಳಂತೆ, ಎರಡು ದಿನ.

ಏನು ಬರೆದಳು ಅಂತ ತಾನೇ ನಿನ್ನ ಪ್ರಶ್ನೆ. ಜಕ್ಕಲೆಗೂ ಅದೇ ಪ್ರಶ್ನೆ. ಮೆಲ್ಲಗೆ ಬಗ್ಗಿ ನೋಡಿದಳು. ಬಾಗಿಲು ತೆಗೆದದ್ದು ಕೈಯೆಲ್ಲ ಮಸಿಯಾದ ಒಬ್ಬ ಅಜ್ಜಿ. ಬಂದೆಯಾ ಮಗು, ಎಷ್ಟು ತಡ ಮಾಡಿದೆ, ಮನೆಯನ್ನು ಬಾಗಿಲ ಹತ್ತಿರ ಬಿಟ್ಟು ಒಳಗೆ ಬಾ ಅಂದಳು. ಅಷ್ಟು ಬರೆದು ಆಮೇಲೆ ಬಳಪದ ಗೆರೆ ಹಾಗೇ ಕೆಳಕ್ಕೆ ಜಾರಿತ್ತಂತೆ, ಅಲ್ಲಿ ರಾಣಿಗೆ ನಿದ್ದೆ ಬಂದದ್ದು.

ಎರಡು ದಿನ ಕಳೆದು ಎದ್ದಾಗ ರಾಣಿಯ ಕಣ್ಣಿನ ಕೆಳಗಿನ ಕಪ್ಪು ಹೋಗಿತ್ತು. ಭಂಡಾರ ಊರಿನಲ್ಲೇ ಉಳಿಯಿತು. ತಂದ ಗಾಡಿಗಳನ್ನು ಖಾಲಿ ಒಯ್ಯಬಾರದು ಅಂತ ಮುನ್ನೂರು ಕಟ್ಟಿನ ಮೇಲಿನ ರೇಷ್ಮೆಯನ್ನೆಲ್ಲ ಬಿಚ್ಚಿ ಹೇರಿದರು, ನಲವತ್ತು ಗಾಡಿಯೂ ತುಂಬಿತಂತೆ. ದಾರಿಯುದ್ದಕ್ಕೂ ಊರೂರಿನ ಮಕ್ಕಳಿಗೆ ಲಂಗ ಹೊಲಿಸಿ ಹಂಚಿದಳಂತೆ ರಾಣಿ. ಪುಸ್ತಕಗಳಿಗೆ ಒಂದೊಂದು ಹತ್ತಿಯ ಬಟ್ಟೆ ಸಾಕಾಯಿತು, ಒಂದು ಗಂಟು ಎಳೆದರೆ ಬಿಚ್ಚಿಕೊಳ್ಳುವ ಹಾಗೆ. ಬೀಗದಕೈ ಜಕ್ಕಲೆಗೆ ಬಂತು, ಅವಳು ಬಾಗಿಲಿಗೆ ಬೀಗ ಹಾಕುವುದನ್ನೇ ನಿಲ್ಲಿಸಿದಳು. ಯಾವ ಮಗು ಬಂದರೂ, ಮೊದಲನೆಯ ಗರಿ ಓದು, ಎರಡನೆಯದು ಬೇಕು ಅನ್ನಿಸಿದರೆ ಮನೆಗೆ ಒಯ್ಯಿ, ಅನ್ನಿಸದಿದ್ದರೆ ಇಟ್ಟು ಇನ್ನೊಂದು ನೋಡು ಅನ್ನುತ್ತಿದ್ದಳಂತೆ. ನಾಗಲೆಗೆ ಆ ಆನೆಯ ಪುಸ್ತಕವೇ ರುಚಿಸಿತು. ಮರುವರ್ಷ ಅರಮನೆಯ ಆನೆಗೆ ಹೊಟ್ಟೆ ಉಬ್ಬರಿಸಿದಾಗ ಪಲ್ಲಕ್ಕಿ ಬಂದದ್ದು ಅವಳಿಗೆ. ಚಾಗಲೆ ಹಲಗೆಗಳಿಗೆ ಚಿತ್ರ ಬರೆಯುವುದನ್ನು ಕಲಿತಳು, ಆದರೆ ಪುಸ್ತಕವನ್ನು ಪೂರ್ತಿ ಓದಿದ ಮೇಲೇ ಕುಂಚ ಹಿಡಿಯುತ್ತಿದ್ದಳಂತೆ.

ರಾಣಿ ಪಲ್ಲಕ್ಕಿ ಹತ್ತುವ ಮೊದಲು ಮಾಚವ್ವೆಯನ್ನು ಕರೆದಳು. ಬಂಗಾರ ಕೇಳಲಿಲ್ಲ, ಭೂಮಿ ಕೇಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಈ ಕಡತವನ್ನು ನೀವು ಕಾಲಿನಿಂದ ನೂಕಿದ್ದೀರಿ, ಕ್ಷಮೆ ಕೇಳಬೇಕು ಅಂದಳಂತೆ. ಊರೆಲ್ಲ ನೋಡುತ್ತಿತ್ತು. ಅಷ್ಟು ದೊಡ್ಡ ಮನೆಯ ಹೆಗ್ಗಡತಿ, ತೀರ್ಥಂಕರರ ಮುಂದೆ ಬಿಟ್ಟರೆ ಇನ್ನೆಲ್ಲೂ ಬಗ್ಗದವಳು, ಹೊಸ್ತಿಲ ಮೇಲೆ ಮೊಣಕಾಲೂರಿ, ಕಡತವನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣಿಗೆ ಒತ್ತಿಕೊಂಡು, ತಪ್ಪಾಯಿತು ಅಂದಳಂತೆ. ರೆಪ್ಪೆಗೆ, ಹಣೆಗೆ, ಅಂಗೈಗೆ ಮಸಿ ಹತ್ತಿತು. ಸಂಜೆ ಊಟಕ್ಕೆ ಕೂರುವವರೆಗೂ ಅವಳು ತೊಳೆಯಲಿಲ್ಲ, ನೋಡುವವರು ನೋಡಲಿ ಅಂತ. ಅದರಿಂದ ನಮ್ಮ ಮನೆತನ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ಅಲ್ಲಿಗೆ ಅವರ ಕತೆ ಮುಗಿಯಿತು. ನಿನ್ನದು ಬಾಕಿ ಇದೆ. ಕಣ್ಣು ಮುಚ್ಚಿಕೊಂಡಂತೆ ನಟಿಸಬೇಡ, ರೆಪ್ಪೆ ಅಲ್ಲಾಡುತ್ತಿದೆ. ಏಳು. ಮಂಚದ ಕೆಳಗಿಂದ ಅತ್ತೆಯ ಪುಸ್ತಕ ತೆಗೆ. ಕಣ್ಣಿಗೆ ಒತ್ತಿಕೊ. ಕ್ಷಮೆ ಕೇಳು.